ಜಯಮಾಲಾ ಟೀಚರ್ ಅರ್ಜಿ ವಾಪಸ್ ಒಯ್ಯಲಿಲ್ಲ

1998ರ ಜೂನ್ ತಿಂಗಳು. ಸಾಮಾನು ತುಂಬಿದ ಟೆಂಪೋ ಅಮರಗೋಳದ ಓಣಿಯೊಂದರಲ್ಲಿ ನಿಂತಿತ್ತು. ಟ್ರಂಕು ಇಳಿಯಿತು, ಪಾತ್ರೆಯ ಚೀಲ ಇಳಿಯಿತು. ಬಾಬಾಸಾಹೇಬರ ಫೋಟೋ ಇಳಿಯುತ್ತಲೇ ಮನೆಯ ಯಜಮಾನ ಕೈ ಅಡ್ಡ ಹಿಡಿದ.

"ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ಮನ್ಯಾಗ ಹಿರೇರು ಬ್ಯಾಡ ಅನ್ನಾಕತ್ತಾರ. ನಿಮ್ಮ ಅಡ್ವಾನ್ಸ್ ತಗೋರಿ."

"ನಿಮ್ಮ ಮಗಗ ಅಕ್ಷರಾ ಕಲಿಸಿದಾಕಿ ನಾನ. ಆಗ ಯಾರೂ ಬ್ಯಾಡ ಅನ್ನಲಿಲ್ಲಲ್ಲ?" ಎಂದಳು ಜಯಮಾಲಾ.

ಅವನು ಬಾಗಿಲು ಎಳೆದುಕೊಂಡ. ಹನ್ನೊಂದು ವರ್ಷ ಸರಕಾರಿ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಹೀಗೆ ತಪ್ಪಿದ ನಾಲ್ಕನೆಯ ಮನೆ ಅದು. ಅವಳ ಅಪ್ಪ ಹನುಮಪ್ಪ ಗೌಂಡಿ ಕೆಲಸದವ; ಆ ಮನೆಯ ಗೋಡೆ ಕಟ್ಟಿದವನೂ ಅವನೇ. "ಈ ಗ್ವಾಡಿ ಕಟ್ಟೂಮುಂದ ನನ್ನ ಜಾತಿ ಯಾರೂ ಕೇಳಲಿಲ್ಲ" ಎಂದು ಹಲ್ಲು ಕಡಿದ.

ಟೆಂಪೋ ಹಳೆಯ ಬಾಡಿಗೆ ಮನೆಗೇ ಮರಳಿತು. ಅಲ್ಲಿಯೂ ತಿಂಗಳ ಕೊನೆಯವರೆಗೆ ಮಾತ್ರ ಜಾಗ.

"ಸಾಕಿನ್ನ," ಎಂದ ಹನುಮಪ್ಪ. "ಒಬ್ಬಾಂವ ತನ್ನ ಹೊಲದಾಗ ಎರಡು ಗುಂಟೆ ಕೊಡತೇನಿ ಅಂತಾನ. ಬಾಂಡ್ ಪೇಪರ್ ಮ್ಯಾಲ ಬರದ ಕೊಡತಾನಂತ. ನಾಳೆನ ಮುಗಿಸೂಣು."

ಜಯಮಾಲಾಳ ಜೊತೆ ಪಾಠ ಹೇಳುವ ಚಾಂದಬಿ ಸುದ್ದಿ ಕೇಳಿ ಬಂದಿದ್ದಳು. ಹೆಸರು ಹೇಳಿದಾಕ್ಷಣ ಬಾಗಿಲು ಮುಚ್ಚುವುದು ಅವಳಿಗೂ ಗೊತ್ತು. ಈಗ ಕೆಲಗೇರಿಯಲ್ಲಿ ಸ್ವಂತ ಮನೆ ಕಟ್ಟಿಸಿದ್ದಳು.

"ಕಾಕಾ, ತಡೀರಿ. ಆ ಜಾಗಾ ಎನ್.ಎ. ಆಗೈತೇನ್ರಿ?"

"ಹಂಗಂದ್ರ?"

"ಹೊಲದಾಗ ಮನಿ ಕಟ್ಟಬಹುದು ಅಂತ ಸರಕಾರದ ಹುಕುಂ ಇರಬೇಕ್ರಿ. ಅದಿಲ್ಲದ ಬರೇ ಬಾಂಡ್ ನಂಬಿದ್ರ ನಾಳೆ ಜಾಗಾ ನಮ್ದು ಅನ್ನಾಕ ಬರಂಗಿಲ್ಲ. ಮುಂಗಡಾನೂ ಸಿಗಂಗಿಲ್ಲ."

"ಯಾವ ಮುಂಗಡ?"

"ಸರಕಾರಿ ನೌಕರರಿಗೆ ಮನಿ ಕಟ್ಟಾಕ ಕೊಡತಾರಲ್ರಿ. ನಮ್ಮಂಥ ಶಿಕ್ಷಕರಿಗೂ ಐತಿ. ಬಡ್ಡಿ ಕಡಿಮಿ. ತಿಂಗಳಾ ಪಗಾರದಾಗ ಮುರಕೋತಾರ. ನನ್ನ ಮನಿ ಹಂಗ ಆತು."

ಹನುಮಪ್ಪ ನಕ್ಕ. "ಸರಕಾರ ನಮಗ ರೊಕ್ಕಾ ಕೊಡೂದ್ರಾಗ ನಾ ಮಣ್ಣಾಗ ಇರತೇನಿ."

"ಹೋಗೂದಿದ್ರ ಮಗಳ ಹೊಸಾ ಮನ್ಯಾಗ ಹೋಳಿಗಿ ಉಂಡ ಹೋಗ್ರಿ!" ಎಂದಳು ಚಾಂದಬಿ.

ಒಳಗಿದ್ದ ಅವನ ಹೆಂಡತಿ ಉಡಚವ್ವ ನಗು ತಡೆಯಲಾರದೆ, "ಇವರಿಗೆ ಎರಡು ಹೆಚ್ಚಿಗಿ ಬಡಸ್ರಿ" ಎಂದಳು.

ಹನುಮಪ್ಪ ಒಲ್ಲದ ಮನಸ್ಸಿನಿಂದಲೇ ಹೊಲದವನಿಗೆ ಬೇಡವೆಂದು ಹೇಳಿ ಕಳಿಸಿದ. ಜಯಮಾಲಾ ಇಲಾಖೆಯ ಅನುಮತಿ ಪಡೆದು ಕಾಗದಪತ್ರ ಸರಿಯಿದ್ದ ನಿವೇಶನ ಕೊಂಡಳು. ಮುಂಗಡದ ಅರ್ಜಿಗೆ ಹೆಡ್‌ಮಾಸ್ತರರ ಸಹಿ ಹಾಕಿಸಿ, ಅಪ್ಪನನ್ನು ಕರೆದುಕೊಂಡು ಇಲಾಖೆಯ ಕಚೇರಿಗೆ ಹೋದಳು. ಗುಮಾಸ್ತ ಅರ್ಜಿ ಬಿಚ್ಚಿಯೂ ನೋಡಲಿಲ್ಲ.

"ಈ ವರ್ಷದ ರೊಕ್ಕಾ ಮುಗದೈತಿ. ವಾಪಸ್ ಒಯ್ರಿ. ಹೆಣ್ಣಮಕ್ಕಳಿಗೆ ಮನಿ ಕಟ್ಟೂ ಉಸಾಬರಿ ಯಾಕ ಬೇಕ್ರಿ?"

ಜಯಮಾಲಾ ಅರ್ಜಿಯನ್ನು ಮೇಜಿನ ಮೇಲೇ ಬಿಟ್ಟಳು.

"ಪಗಾರ ನನ್ನ ಹೆಸರಿಲೆ ಬರತೈತಿ, ಮನಿನೂ ನನ್ನ ಹೆಸರಿಲೆ ಆಗಲಿ. ರೊಕ್ಕಾ ಇಲ್ಲಂದ್ರ ಪಾಳಿ ಹಚ್ಚತೇನಿ. ಅರ್ಜಿ ತಗೊಳ್ಳಂಗಿಲ್ಲ ಅಂದ್ರ ಕಾರಣಾ ಅದರ ಮ್ಯಾಲ ಬರದ ಸಹಿ ಮಾಡ್ರಿ. ಆಗ ಒಯ್ಯತೇನಿ."

ಗುಮಾಸ್ತ ಪೆನ್ನು ತೆಗೆದ. ಬರೆಯಲಿಲ್ಲ. ಸುತ್ತ ನಾಲ್ಕು ಜನ ನೋಡುತ್ತಿದ್ದರು. ಕೊನೆಗೆ ರಿಜಿಸ್ಟರ್ ಎಳೆದು, ನಮೂದಿಸಿ, ನಂಬರು ತಾರೀಖು ಹಾಕಿ ಸ್ವೀಕೃತಿ ಚೀಟಿ ಕೊಟ್ಟ.

ಹೊರಗೆ ಬಂದು ಹನುಮಪ್ಪ, "ಬರದ ಕೊಡ್ರಿ ಅಂದಕೂಡಲೇ ಅವನ ಮಾರಿ ಎಷ್ಟ ಸಣ್ಣದಾತು ನೋಡಿದ್ಯಾ!" ಎಂದು ಮಗಳ ಬೆನ್ನು ತಟ್ಟಿದ.

ಮುಂಗಡದ ಮೊದಲ ಕಂತು ಮರುವರ್ಷ ಬಂತು. ಮನೆ ಏಳುವ ತನಕ ಚಾಂದಬಿಯ ಮನೆಯ ಒಂದು ಕೋಣೆಯಲ್ಲಿ ಇದ್ದರು. ಬುನಾದಿ ಹಾಕಿದವನು ಹನುಮಪ್ಪನೇ. ಗೋಡೆ ಎದ್ದಂತೆ ಉಳಿದ ಕಂತುಗಳೂ ಬಂದವು; ಮನೆ ಪೂರ್ತಿಯಾಯಿತು.

ಶಿಕ್ಷಕ ಬಂಧುಗಳೇ, ಈ ಮುಂಗಡ ಯಾರೋ ಕೊಡುವ ಭಿಕ್ಷೆಯಲ್ಲ, ನಿಮ್ಮ ನೌಕರಿಗೆ ಇರುವ ಸೌಲಭ್ಯ. ನಿಯಮಗಳನ್ನು ನಿಮ್ಮ ಕಚೇರಿಯಲ್ಲೇ ಕೇಳಿ, ದಲ್ಲಾಳಿಯನ್ನು ಕೇಳಬೇಡಿ. ಜಾಗ ಕೊಳ್ಳುವ ಮೊದಲು ಕಾಗದ ನೋಡಿ, ಅನುಮತಿ ಪಡೆಯಿರಿ. ಅರ್ಜಿ ಕೊಟ್ಟ ಮೇಲೆ, ಸ್ವೀಕೃತಿ ಚೀಟಿ ನಿಮ್ಮ ಕೈಗೆ ಬರುವ ತನಕ ಆ ಮೇಜಿನ ಮುಂದಿನಿಂದ ಕದಲಬೇಡಿ.