ಭಾವನ ಕಡೆಯ ಬಳ್ಳಿಗಳು

ತನ್ನ ಸೌತೆಬಳ್ಳಿಗಳಿಗೆ ಭಾವನೇ ಏನೋ ಸುರಿದಿದ್ದಾನೆ ಎಂಬ ಹುಳ ಕ್ಷೌರಿಕನ ತಲೆ ಹೊಕ್ಕು ಹದಿನೈದು ದಿನವಾಗಿತ್ತು. ಹಿತ್ತಲು ಒಂದೇ, ನಡುವೆ ಮೊಣಕಾಲೆತ್ತರದ ತಂತಿ. ಇತ್ತ ಇವನ ಎಲೆಗಳು ಹಳದಿ-ಹಸಿರು ಮಚ್ಚೆಯಾಗಿ ಮುದುಡಿ, ಕಾಯಿಗೆಲ್ಲ ಗಂಟೆದ್ದಿದ್ದವು. ಅತ್ತ ಭಾವನ ಬಳ್ಳಿಗಳು ನಳನಳಿಸುತ್ತಿದ್ದವು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಣ್ಣಲ್ಲಿ ಕಣ್ಣಿಟ್ಟು ಕಾದ. ಭಾವ ಬಿಂದಿಗೆ ಎತ್ತಿದರೂ ಅನುಮಾನ, ಕೆಮ್ಮಿದರೂ ಅನುಮಾನ. ಅಂಗಡಿಗೆ ಬಂದ ಗಿರಾಕಿಗಳ ಕಿವಿಯಲ್ಲೆಲ್ಲ ಊದಿದ. ತಾಯಿ ಹೋದ ಮೇಲೆ ತನ್ನನ್ನು ಎತ್ತಿ ಆಡಿಸಿ ಸಾಕಿದ ಅಕ್ಕನ ಜೊತೆಗೂ ಮಾತು ಬಿಟ್ಟ.

ಇವತ್ತು ಅವರಿಬ್ಬರೂ ಪೇಟೆಗೆ ಹೋದದ್ದೇ ತಡ, ತನ್ನ ಬಳ್ಳಿಯ ನಾಲ್ಕು ಎಲೆ ಕತ್ತರಿಸಿ, ತಂತಿ ದಾಟಿ, ಹೋಲಿಸಿ ನೋಡಲೆಂದು ಭಾವನ ಐದೂ ಬಳ್ಳಿಗಳಿಂದ ಒಂದೊಂದು ಎಲೆ ಕತ್ತರಿಸಿಕೊಂಡು ಸಸಿ ಮಾರುವಾಕೆಯ ಬಳಿಗೆ ಓಡಿದ.

“ಯಾವ ವಿಷ ಹಾಕಿದಾರೆ, ನೋಡಿ ಹೇಳಿ.”

ಆಕೆ ಎಲೆ ಮಗುಚಿ ನೋಡಿದಳು. “ವಿಷ ಅಲ್ಲ, ಮೊಸಾಯಿಕ್ ರೋಗ. ಗಿಡದ ಹೇನು ತರುತ್ತೆ, ಇಲ್ಲಾ ರಸ ತಾಗಿ ಅಂಟುತ್ತೆ. ಮೊದಲು ಎಷ್ಟು ಬಳ್ಳಿಗೆ ಬಂತು?”

“ಒಂದಕ್ಕೆ. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಸಾಲಾಗಿ.”

“ಕೆಟ್ಟ ಎಲೆ ಕತ್ತರಿಸ್ತಿದ್ರಾ?”

“ದಿನಾ ಬೆಳಿಗ್ಗೆ.”

“ಒಂದು ಬಳ್ಳಿ ಮುಗಿಸಿ ಇನ್ನೊಂದಕ್ಕೆ ಹೋಗೋವಾಗ ಕತ್ತರಿ ತೊಳೀತಿದ್ರಾ?”

ಅಂಗಡಿಯಲ್ಲಿ ಅವನು ಮೂವತ್ತು ವರ್ಷದಲ್ಲಿ ಒಂದು ದಿನವೂ ಕತ್ತರಿಯನ್ನು ಔಷಧಿ ನೀರಿಗೆ ಅದ್ದದೆ ಒಂದು ತಲೆಯಿಂದ ಇನ್ನೊಂದು ತಲೆಗೆ ಒಯ್ದವನಲ್ಲ. ಗಿಡಕ್ಕೂ ಅಷ್ಟು ಉಪಚಾರ ಬೇಕೆಂದು ಹೊಳೆದೇ ಇರಲಿಲ್ಲ.

“ಇದಕ್ಕೆ ಮದ್ದಿಲ್ಲ. ರೋಗದ ಬಳ್ಳಿ ಬೇರುಸಮೇತ ಕಿತ್ತುಹಾಕಿ, ಹೇನು ಬರದ ಹಾಗೆ ನೋಡ್ಕೊಳ್ಳಿ. ಅಂದಹಾಗೆ, ಈ ಒಳ್ಳೆ ಎಲೆಗಳನ್ನ ಬೇರೆ ಕತ್ತರೀಲಿ ತಾನೇ ಕತ್ತರಿಸಿದ್ದು?”

ಅದೇ ಕತ್ತರಿ ಅವನ ಜೇಬಿನಲ್ಲಿತ್ತು. ಕಾಲು ಎಳೆದುಕೊಂಡು ಮನೆಗೆ ಬಂದ.

ಅಷ್ಟರಲ್ಲಿ ಪೇಟೆಯಿಂದ ಮರಳಿದ್ದ ಅಕ್ಕ ಸೌತೆಕಾಯಿಯ ಬುಟ್ಟಿ ಹಿಡಿದು ತಂತಿಯ ಬಳಿ ನಿಂತಿದ್ದಳು.

“ನಿನ್ನ ಬಳ್ಳಿ ಹೋಯ್ತಲ್ಲ ಅಂತ ನಿಮ್ಮ ಭಾವಂಗೆ ಒಂದೇ ಕೊರಗು. ಈ ಸಲ ನಮ್ಮ ಬೆಳೇಲಿ ಅರ್ಧ ನಿಂಗಂತೆ. ಸಿಟ್ಟು ಬಿಡೋ, ತಗೋ.”

ಅವನು ಬುಟ್ಟಿಗೆ ಕೈ ಚಾಚಲಿಲ್ಲ.

“ಭಾವನ್ನ ಕರಿ ಅಕ್ಕ,” ಅಂದ. “ನೀವಿಲ್ಲದಾಗ ಬಂದು ನಿಮ್ಮ ಐದೂ ಬಳ್ಳಿಗೆ ರೋಗ ಅಂಟಿಸಿ ಹೋಗಿದೀನಿ.”