ಒತ್ತಿದರೆ ತಗ್ಗುವ ಉಣ್ಣೆ

"ಆ ಗಬ್ಬುನಾತದ ಉಂಡೆ ಹೊಸಲು ದಾಟಿತೋ, ಒಲೆಗೆ ಹಾಕಿ ಸುಡ್ತೀನಿ!"

"ಹಾಕಿ ನೋಡಿ ಭಾವ. ಮೊದ್ಲು ನಿಮ್ಮ ಮೀಸೆ ಹತ್ಕೊಳ್ತದೆ!"

ಮಂಗಮ್ಮ ಅಂಗಳದಲ್ಲಿ ನಿಂತಿದ್ದಳು. ಕಂಕುಳಲ್ಲಿ ಕೆಂಪು ಉಣ್ಣೆಯ ಪೊಟ್ಟಣ, ಕೈಯಲ್ಲಿ ಒಂದು ಜೊತೆ ದಪ್ಪ ಹೆಣಿಗೆ ಕಡ್ಡಿ. ಬಾಗಿಲಿಗೆ ಅಡ್ಡಲಾಗಿ ಅವಳ ತೀರಿಹೋದ ಗಂಡನ ಅಣ್ಣ ಮುನಿಗಂಗಪ್ಪ. ಉಣ್ಣೆಗೆ ಅಂಗಡಿಯ ನುಸಿಗುಳಿಗೆಯ ಘಾಟು ಹಿಡಿದಿತ್ತು. ಒಳಗೆ ತಟ್ಟೆಗಳ ತುಂಬ ರೇಷ್ಮೆಹುಳ ಸೊಪ್ಪು ಮೇಯುತ್ತಿದ್ದವು. ಆ ಘಾಟು ತಾಗಿದರೆ ಹುಳ ಸೊಪ್ಪು ಬಿಟ್ಟು ಸಾಯುತ್ತವೆಂದು ಶಿಡ್ಲಘಟ್ಟದ ಸುತ್ತಿನ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ. ಅಷ್ಟರ ಮಟ್ಟಿಗೆ ಮುನಿಗಂಗಪ್ಪನ ಮಾತು ನ್ಯಾಯವೇ. ಹುಳ ಸಾಕಿಯೇ ಕೈ ಒರಟಾದ ಮಂಗಮ್ಮನಿಗೆ ಅದು ತಿಳಿಯದ್ದೂ ಅಲ್ಲ.

"ಒಳಗೆ ತರ್ತೀನಿ ಅಂದೋರ್ಯಾರು? ಬಣವೆ ಹತ್ರ ಕೂತ್ಕೊಂಡು ಹೆಣೀತೀನಿ. ಗಾಳಿ ಅತ್ತ ಬೀಸ್ತೈತೆ."

"ಹೆಣೆಯೋದೂ ಬೇಡ, ಮೆರೆಸೋದೂ ಬೇಡ. ಬೋಳುತಲೆ ಹುಡುಗೀನ ಪೇಟೇಲಿ ಓಡಾಡಿಸಿದ್ರೆ ನಾಳೆ ಯಾವನು ಕಟ್ಕೋತಾನೆ? ಕೂದ್ಲು ಬರೋಗಂಟ ಮನೇಲಿರ್ಲಿ. ಹುಳಕ್ಕೆ ಸೊಪ್ಪು ಹೆಚ್ಚಲಿ."

ಹುಡುಗಿ ಎಂದರೆ ಮಂಗಮ್ಮನ ಮಗಳು ಆಂಜಿನಮ್ಮ. ಟೈಫಾಯ್ಡ್ ಅವಳ ಜೀವ ಉಳಿಸಿ, ಸೊಂಟದುದ್ದದ ಜಡೆಯನ್ನು ಕೊಂಡುಹೋಗಿತ್ತು. ಉಳಿದ ಕುರುಚಲನ್ನು ತಾಯಿಯೇ ಬೋಳಿಸಿದ್ದಳು. ತಲೆಗೆ ವಸ್ತ್ರ ಸುತ್ತಿಕೊಂಡು ಒಂದು ದಿನ ಸ್ಕೂಲಿಗೆ ಹೋದಾಗ ಯಾವನೋ ಹಿಂದಿನಿಂದ ಎಳೆದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಹುಡುಗಿ ಹೊರಗೆ ಹೊರಟಿಲ್ಲ. ಈ ಸೋಮವಾರವೂ ಬರದಿದ್ದರೆ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ಈ ವರ್ಷ ತಪ್ಪಿತೆಂದರೆ ಮುನಿಗಂಗಪ್ಪ ಮತ್ತೆ ಅವಳನ್ನು ಸ್ಕೂಲಿಗೆ ಕಳಿಸುವವನಲ್ಲ.

"ಎಳೆದ್ರೂ ಬರಬಾರ್ದು, ಕಿವಿ ಮುಚ್ಚಬೇಕು. ಅಂಥ ಟೋಪಿ ಆದ್ರೆ ಹೋಗ್ತೀನಿ ಅಮ್ಮ" ಎಂದಿದ್ದಳು ಆಂಜಿನಮ್ಮ. ಹೆಣಿಗೆಯನ್ನು ಸ್ಕೂಲಿನಲ್ಲಿ ಕಲಿತಿದ್ದಳು, ತಾಯಿಗೂ ಹೇಳಿಕೊಟ್ಟಳು. ಪೇಟೆಗೆ ಹೋಗಿ ಉಣ್ಣೆ, ಕಡ್ಡಿ ಆರಿಸುವುದು ಮಾತ್ರ ಮಂಗಮ್ಮನ ಪಾಲಿಗೆ ಬಂತು.

ಎಡವಿದ್ದು ಅಲ್ಲೇ. ರೇಷ್ಮೆಗೂಡು ಬೆಳೆಯುವವರು ಗೂಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಕಲ್ಲಿನಂತೆ ನಿಂತರೆ ಒಳ್ಳೆಯ ಗೂಡು, ತಗ್ಗಿದರೆ ಪೊಳ್ಳು. ಮೊದಲ ಸಲ ಮಂಗಮ್ಮ ಪೇಟೆಯ ಕೋನಪ್ಪನ ಉಣ್ಣೆ ಅಂಗಡಿಯಲ್ಲೂ ಅದನ್ನೇ ಮಾಡಿದ್ದಳು.

"ಏಮಮ್ಮಾ, ಎಲ್ಲಾ ಉಂಡೇನೂ ಅದುಮ್ತಾ ಇದ್ದೀಯ. ಇದೇನು ಗೂಡಿನ ಸಂತೇನಾ?" ಎಂದ ಕೋನಪ್ಪ.

"ನಿನ್ನ ಮಾಲು ಪೊಳ್ಳೋ ಗಟ್ಟಿಯೋ ನೋಡಬೇಡ್ವಾ? ಒತ್ತಿ ನೋಡಿ ನಾನ್ಯಾವತ್ತೂ ಮೋಸಹೋದೋಳಲ್ಲ."

ಎಲ್ಲಕ್ಕಿಂತ ಗಟ್ಟಿ ಉಂಡೆ ಆರಿಸಿದಳು. ಬಿಗಿಯಾಗಿ ಬರಲಿ ಎಂದು ಎಲ್ಲಕ್ಕಿಂತ ಸಣ್ಣ ಕಡ್ಡಿ ಕೇಳಿದಳು. "ಅದು ಒರಟು ನೂಲಮ್ಮ, ತಲೆಗಾಗಲ್ಲ" ಎಂದು ಕೋನಪ್ಪ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಣೆದ ಟೋಪಿ ತೆಂಗಿನ ಚಿಪ್ಪಿನ ಹಾಗೆ ತಾನಾಗಿ ನೆಟ್ಟಗೆ ನಿಂತಿತು. ಹಾಕಿಕೊಂಡ ಮಗಳ ಎಳೆ ನೆತ್ತಿ ಕೆರೆದು ಗಾಯವಾಯಿತು.

"ಅಮ್ಮಾ, ಇದ್ರಲ್ಲಿ ಕೋಳಿ ಕಾವು ಕೂರ್ಸು" ಎಂದಳು ಆಂಜಿನಮ್ಮ. ಅಳುತ್ತಲೇ ನಕ್ಕಳು.

ಅದಕ್ಕೇ ಇವತ್ತು ಮಂಗಮ್ಮ ಮತ್ತೆ ಪೇಟೆಗೆ ಹೋಗಿದ್ದು. ಮತ್ತೆ ಒತ್ತಿದಳು. ಈ ಸಲ ತಗ್ಗಿ, ಬೆರಳು ತೆಗೆದ ಕೂಡಲೇ ಉಬ್ಬಿ ಬರುವುದನ್ನು ಹುಡುಕಿದಳು. ಎಳೆಯನ್ನು ತನ್ನ ಕುತ್ತಿಗೆಗೆ ಉಜ್ಜಿ ನೋಡಿದಳು. ಕೆರೆಯಲಿಲ್ಲ. ಕೋನಪ್ಪ ಅದಕ್ಕೆ ತಕ್ಕ ದಪ್ಪ ಕಡ್ಡಿ ಕೊಟ್ಟ.

"ಕರೀದು ತಗೊಳಮ್ಮ. ದೂರಕ್ಕೆ ಕೂದ್ಲಂಗೇ ಕಾಣ್ತದೆ."

"ಯಾಕೆ, ನನ್ನ ಮಗಳೇನು ಕಳ್ಳತನ ಮಾಡವ್ಳಾ ಮರೆಸೋಕೆ? ಕೆಂಪು ಕೊಡು. ಊರ ಬಾಗಿಲಿಂದಲೇ ಕಾಣ್ಬೇಕು."

ಆ ಕೆಂಪು ಈಗ ಮುನಿಗಂಗಪ್ಪನ ಕಣ್ಣಿಗೂ ಬಿತ್ತು.

"ಥೂ, ತಾಳಿ ಹೋದೋಳ ಕೈಗೆ ಕೆಂಪು ಬೇರೆ!"

"ಹುಳ ಪೊರೆ ಬಿಡೋಕೆ ಮಲಗಿದ್ರೆ ಜ್ವರ ಅಂತೀರಿ, ಮನೇಲಿ ಯಾರೂ ಕೆಮ್ಮಂಗಿಲ್ಲ. ನಿಮ್ಮ ತಮ್ಮನ ಮಗಳು ನಿಜವಾದ ಜ್ವರದಲ್ಲಿ ಒದ್ದಾಡ್ತಿದ್ದಾಗ ಗಾಡಿ ಕೊಡ್ಲಿಲ್ಲ ನೀವು. ಆಸ್ಪತ್ರೆಗೆ ಹೊತ್ಕೊಂಡು ಹೋದೋಳು ನಾನು. ಆಗ ಎಲ್ಲೋಗಿತ್ತು ಈ ಬಾಯಿ?"

ಮುನಿಗಂಗಪ್ಪನ ಮುಖ ಗಡಿಗೆಯಂತೆ ಊದಿತು. "ಆ ಟೋಪಿ ಹಾಕ್ಕೊಂಡು ಅವಳು ಹೊರಗೆ ಕಾಲಿಟ್ರೆ, ತಾಯಿ ಮಗಳು ಇಬ್ರೂ ಅತ್ಲಾಗೇ ಹೋಗಿ. ಈ ಮನೇಲಿ ಜಾಗ ಇಲ್ಲ."

ಮಂಗಮ್ಮ ಹೋಗಿ ಬಣವೆಗೆ ಬೆನ್ನು ಕೊಟ್ಟು ಕೂತು ಹೆಣೆಯಲು ಹಿಡಿದಳು. ಹೋಗಿಬರುವವರು ನಿಂತು ನೋಡಿದರು, ನಗಾಡಿದರು. ಅವಳೂ ತಿರುಗಿಸಿ ಅಂದಳು. ಸೊಪ್ಪು ಹಾಕುವ ಹೊತ್ತಾದಾಗ ಎದ್ದು ಸೀಗೆಪುಡಿಯಲ್ಲಿ ಮೊಣಕೈವರೆಗೆ ಉಜ್ಜಿ ತೊಳೆದು, ಸೀರೆ ಬದಲಿಸಿಯೇ ಒಳಗೆ ಹೋದಳು. ಹುಳದ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಭಾನುವಾರ ಸಂಜೆ ಟೋಪಿ ಮುಗಿಯಿತು. ಮುಷ್ಟಿಯಲ್ಲಿ ಹಿಂಡಿದರೆ ಅಡಗಿತು, ಬಿಟ್ಟರೆ ಅರಳಿತು.

ಸೋಮವಾರ ಬೆಳಗ್ಗೆ ಮಂಜಿತ್ತು. ಆಂಜಿನಮ್ಮ ಟೋಪಿಯನ್ನು ಕಿವಿಯ ಕೆಳಗೆ ಎಳೆದುಕೊಂಡು, ತಾನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗಿ ನೋಡಿದಳು. ಬರಲಿಲ್ಲ. ಪುಸ್ತಕದ ಚೀಲ ಹೆಗಲಿಗೇರಿಸಿದಳು. ಮಂಗಮ್ಮ ಬಟ್ಟೆಯ ಗಂಟು ಹೊತ್ತು ಹಿಂದೆ ಬಂದಳು.

ಜಗಲಿಯ ಮೇಲಿದ್ದ ಮುನಿಗಂಗಪ್ಪ ಗಂಟು ನೋಡಿ ತಬ್ಬಿಬ್ಬಾದ.

"ಏನಿದು? ನಾನು ಬಾಯಿಮಾತಿಗೆ ಅಂದ್ರೆ..."

"ನೀವು ಬಾಯಿಮಾತಿಗೆ ಅಂದ್ರಿ, ನಾನು ನಿಜವಾಗ್ಲೂ ಕೇಳಿಸ್ಕೊಂಡೆ."

"ಹುಳ ಹಣ್ಣಾಗವೆ ಕಣಮ್ಮಿ! ಇವತ್ತೇ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟಿಗೆ ಬಿಡಬೇಕು. ಕೈ ಯಾರದೈತೆ?"

"ನಿಮಗೂ ಎರಡು ಕೈ ಅವೆಯಲ್ಲ ಭಾವ. ಶಿಡ್ಲಘಟ್ಟದಲ್ಲಿ ನೂಲು ತೆಗೆಯೋರಿಗೆ ಆಳು ಬೇಕಂತೆ, ಮಾತಾಡ್ಕೊಂಡು ಬಂದಿವ್ನಿ. ನನ್ನ ಗಂಡನ ಪಾಲು ಕೇಳೋಕೆ ಪಂಚಾಯ್ತಿಗೆ ಬರ್ತೀನಿ. ಈ ಮನೆಗಲ್ಲ."

"ಹೋಗು, ಹೋಗು! ಸಂಜೆಗೆ ಬಾಲ ಮುದುರ್ಕೊಂಡು ಬರ್ತೀಯ!"

ಆಂಜಿನಮ್ಮ ಆಗಲೇ ಕೆರೆ ಏರಿ ಹತ್ತಿದ್ದಳು. ಮಂಗಮ್ಮ ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡು ದಾಪುಗಾಲು ಹಾಕಿದಳು. ಸಂಜೆಯಾಯಿತು, ಸಂಕ್ರಾಂತಿ ಕಳೆಯಿತು, ಮುನಿಗಂಗಪ್ಪ ಎರಡು ಸಲ ಹೇಳಿಕಳಿಸಿದ. ಅವಳು ಬರಲಿಲ್ಲ.