ಕಶ್ಕಾ ಹೋರಿಗೆ ಸಿಕ್ಕ ಆಶೀರ್ವಾದ

ಈ ಕತೆಯಲ್ಲಿ ಹೋರಿಯ ಬಾಲದ ಕೂದಲಿನಷ್ಟೂ ಸುಳ್ಳಿಲ್ಲ. ನಂಬದವರು ನಾರಿನ್ ಕಣಿವೆ ಹತ್ತಿ ಬಂದು ಬುರುಲ್ಚಾಳನ್ನೇ ಕೇಳಬಹುದು. ಬೈಗುಳದ ಸಮೇತ ಹೇಳುತ್ತಾಳೆ.

ಬೆಟ್ಟದ ಮೇಲಿನ ದನದ ತಳಿ ಕೇಂದ್ರವನ್ನು ಬುರುಲ್ಚಾ ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದಳು. ತೂಕದ ಯಂತ್ರ ಕೆಟ್ಟಿದೆ ಎಂದು ಬರೆದರೆ ರಾಜಧಾನಿಯಿಂದ ಗೋಡೆ ಕ್ಯಾಲೆಂಡರ್ ಬರುತ್ತಿತ್ತು. ಲಸಿಕೆ ಕೇಳಿದರೆ ಹಬ್ಬದ ಶುಭಾಶಯ ಬರುತ್ತಿತ್ತು. ಈ ಸಲ ಏನೂ ಕೇಳದಿದ್ದರೂ ಇಲಾಖೆಯ ಎರ್ಮೆಕ್ ಬಂದಿಳಿದ. ಕೇಂದ್ರಕ್ಕೆ ಅರವತ್ತು ತುಂಬಿತಂತೆ, ನಾಳೆಯೇ ಸಮಾರಂಭವಂತೆ, ಇನ್ನೂರು ಜನಕ್ಕೆ ಊಟವಂತೆ. ಕೊಟ್ಟಿಗೆಯಲ್ಲಿ ಒಂದು ಸುತ್ತು ಹಾಕಿ, ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಕಶ್ಕಾನತ್ತ ಬೆರಳು ತೋರಿಸಿದ.

“ಇದನ್ನ ಕಡೀರಿ, ಅಕ್ಕಾ. ಒಳ್ಳೇ ಮೈ ತುಂಬಿಕೊಂಡಿದೆ.”

“ಎರ್ಮೆಕ್ ಮಿರ್ಜಾ, ಅದು ನಾಲ್ಕು ತಲೆಮಾರಿನ ಕೆಲಸ. ಅದರ ಕರುಗಳು ಹಿಮದಲ್ಲೂ ಸಾಯಲ್ಲ. ಅಂಥದ್ದು ಇನ್ನೊಂದಿಲ್ಲ.”

“ಹೋರಿ ತಾನೇ? ಇನ್ನೊಂದು ಹುಟ್ಟುತ್ತೆ. ನಿಮ್ಮಿಂದ ಆಗಲ್ಲ ಅಂದ್ರೆ ಹೊಸ ಡೈರೆಕ್ಟರ್ ಬಂದು ಹುಟ್ಟಿಸ್ತಾರೆ ಬಿಡಿ.”

ಬುರುಲ್ಚಾಳ ಕಿವಿಯವರೆಗೆ ಬಿಸಿಯೇರಿತು. ಅರವತ್ತು ವರ್ಷದ ಕೆಲಸಕ್ಕೆ ಗೌರವ ಸಲ್ಲಿಸಲು ಆ ಕೆಲಸವನ್ನೇ ಬೇಯಿಸಿ ತಿನ್ನಬೇಕು! ಉಪ್ಪು ಎಷ್ಟು ಹಾಕಬೇಕೆಂದೂ ಇಲಾಖೆಯಿಂದಲೇ ಆದೇಶ ಬರಬಹುದು.

ಹಾಲು ಕರೆಯುವಲ್ಲಿ ಮುದುಕ ದನಗಾಹಿ ಶೈಲೂಬೆಕ್ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲೇ “ಹೋರಿ ತಾನೇ?” ಎಂದ. ಥೇಟ್ ಎರ್ಮೆಕ್! ಹೆಂಗಸರು ನಕ್ಕು ಹಾಲು ಚೆಲ್ಲಿದರು.

“ಅಜ್ಜಾ, ತಮಾಷೆ ಸಾಕು. ನಂಗೆ ಮೈಯೆಲ್ಲಾ ಉರೀತಿದೆ,” ಎಂದಳು ಬುರುಲ್ಚಾ.

“ಉರೀಲಿ ಮಗಳೇ, ಚಳಿಗೆ ಒಳ್ಳೇದು. ಕಡಿಯೋ ಮುಂಚೆ ಹೋರಿಗೆ ಹರಸೋರು ಯಾರು?”

“ಮುಖ್ಯ ಅತಿಥಿ. ಅವನೇ.”

“ಮಂತ್ರ ಗೊತ್ತೇನು ಅವನಿಗೆ?”

“ಪಟ್ಟಣದೋನು. ಅಂಗೈ ಎತ್ತೋದು ಗೊತ್ತು, ಅಷ್ಟೇ.”

“ಪಾಪ. ನಾನು ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ.”

ಬುರುಲ್ಚಾ ಮುದುಕನ ಮುಖವನ್ನೇ ನೋಡಿದಳು. ಆ ಕಣಿವೆಯಲ್ಲಿ ಹರಕೆಯ ಮಾತು ಎರಡು ಬಗೆ. ಒಂದು, ಕತ್ತಿಗೆ ಹೋಗುವ ಪ್ರಾಣಿಗೆ. ಇನ್ನೊಂದು, ಬೀಜಕ್ಕೆಂದು ಮಂದೆಗೆ ಬಿಡುವ ಹೋರಿಗೆ. ಎರಡನೆಯದನ್ನು ಪಡೆದ ಪ್ರಾಣಿಯನ್ನು ಯಾರೂ ಕಡಿಯುವಂತಿಲ್ಲ. ಕಡಿದವನ ಮನೆಯ ಚಹಾ ಕೂಡ ಯಾರೂ ಕುಡಿಯರು.

“ಎರಡು ಕುರಿ ಬೇಯಿಸೋಕೆ ಹೇಳ್ಲಾ?” ಎಂದಳು ಮೆಲ್ಲಗೆ.

“ಆರು ಹೇಳು. ಇನ್ನೂರು ಜನ.”

ಮರುದಿನ ಮಧ್ಯಾಹ್ನ ಕಶ್ಕಾನನ್ನು ಜನರ ಮುಂದೆ ನಿಲ್ಲಿಸಿದರು. ಕಟುಕ ಸೊಂಟದ ಕತ್ತಿ ಮುಟ್ಟಿಕೊಂಡ. ಎರ್ಮೆಕ್ ಒಂದು ಕೈಯಲ್ಲಿ ಮೈಕು ಹಿಡಿದು ಇನ್ನೊಂದು ಅಂಗೈ ಎತ್ತಿದ. ಶೈಲೂಬೆಕ್ ಕಿವಿಯಲ್ಲಿ ಉಸುರಿದ್ದನ್ನೆಲ್ಲ ಚುನಾವಣೆಯ ಭಾಷಣದಂತೆ ಗುಡುಗಿದ. ತನ್ನ ದನಿ ಬೆಟ್ಟಕ್ಕೆ ಬಡಿದು ಮರಳುವುದನ್ನು ಕೇಳುವ ಸಡಗರದಲ್ಲಿ ಮಾತಿನ ಕಡೆ ಅವನಿಗೆ ಗಮನವೇ ಇರಲಿಲ್ಲ.

“ನಿನ್ನ ಕರುಗಳು ಬೆಟ್ಟ ತುಂಬಲಿ! ನಿನ್ನ ಕೊಂಬಿಗೆ ಮುಪ್ಪು ಬರಲಿ! ಕತ್ತಿ ನಿನ್ನ ದಾರಿ ಮರೆಯಲಿ!”

ಇನ್ನೂರು ಜನ ಮುಖ ಸವರಿಕೊಂಡು “ಓಮಿನ್, ಹಾಗೇ ಆಗಲಿ” ಎಂದರು. ಕಟುಕ ಕತ್ತಿಯನ್ನು ಒರೆಯೊಳಗೆ ಒತ್ತಿ, ಕುರಿಯ ಹಂಡೆಯ ಕಡೆ ನಡೆದ.

“ಏಯ್, ಎಲ್ಲಿಗೆ? ಕಡಿ!” ಎಂದು ಕೂಗಿದ ಎರ್ಮೆಕ್.

ಯಾರೂ ಅಲುಗಲಿಲ್ಲ. ಬುರುಲ್ಚಾ ಮುಂದೆ ಬಂದಳು.

“ಹೇಗೆ ಕಡೀತಾನೆ, ಮಿರ್ಜಾ? ನೀವೇ ಅದನ್ನ ಮಂದೆಗೆ ಬಿಟ್ಟಿರಿ. ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಇಲಾಖೆ ಈ ಕೇಂದ್ರಕ್ಕೆ ಮಾಡಿದ ಒಂದೇ ಒಂದು ಉಪಕಾರ ಅದು. ವಾಪಸ್ ತಗೋತೀರಾ? ಇಷ್ಟು ಜನರೆದುರು?”

ಎರ್ಮೆಕ್‌ನ ಕುತ್ತಿಗೆ ಕೆಂಪಾಯಿತು. ಹೋರಿಯನ್ನು ನೋಡಿದ, ಮುದುಕನನ್ನು ನೋಡಿದ.

“ಕತ್ತಿ ದಾರಿ ಮರೆಯಲಿ ಅಂತ... ನಾನೇ ಅಂದ್ನಾ? ಮೈಕಲ್ಲಿ?”

“ಬೆಟ್ಟವೂ ಅಂತು, ಸಾಹೇಬ್ರೇ,” ಎಂದ ಶೈಲೂಬೆಕ್, ಅವನದೇ ಮೂಗಿನ ದನಿಯಲ್ಲಿ.

ಮೊದಲು ಎರ್ಮೆಕ್‌ನ ಹೊಟ್ಟೆ ಕುಲುಕಿತು. ಆಮೇಲೆ ಹೆಗಲು. ಬುರುಲ್ಚಾ ಮಾತ್ರ ನಗದೆ, ಹಗ್ಗ ಹಿಡಿದು ಕಶ್ಕಾನನ್ನು ಮೇವಿನ ಬೆಟ್ಟದ ಕಡೆ ಎಳೆದುಕೊಂಡು ಹೊರಟಳು. ಹಿಂದೆ ಇಡೀ ಸಭೆ ನಗುತ್ತಿತ್ತು. ಮೈಕು ಇನ್ನೂ ಎರ್ಮೆಕ್‌ನ ಕೈಯಲ್ಲೇ ಇದ್ದುದರಿಂದ, ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದುದು ಅವನ ನಗು.